ಕಾರಣ ಬರೆಯಲು ಕಲಿಯುವ ಮಕ್ಕಳು

(ಎಲೆಕ್ಟ್ರಾನಿಕ್ ಸಿಟಿ ವಲಯದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಒಕ್ಕೂಟದ ಸಭೆ ಅಂದರೆ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ. ಅದನ್ನೆಲ್ಲಾ ನಿಮ್ಮ ಪ್ರತಿನಿಧಿಗಳು ನಮಗಿಂತ ಚೆನ್ನಾಗಿ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ನಿಮ್ಮ ಮಕ್ಕಳ ಸಂಜೆ ತರಗತಿ. ಅದರಲ್ಲೂ ಶನಿವಾರದ ತರಗತಿ. ಯಾಕೆಂದರೆ ಅದರ ಬಗ್ಗೆ ದೂರು ಬಂದಿದೆ.

ದೂರು ಏನು ಅಂತ ಮುಚ್ಚಿಡದೆ ಹೇಳುತ್ತೇವೆ. ಒಬ್ಬ ತಾಯಿ ಬಂದು ಕೇಳಿದರು: "ಸಿಸ್ಟರ್, ಲೆಕ್ಕ, ಇಂಗ್ಲಿಷ್ ಹೇಳ್ಕೊಡ್ತೀರಿ ಅಂತ ಮಗಳನ್ನ ಕಳಿಸಿದ್ವಿ. ಶನಿವಾರ ನೋಡಿದ್ರೆ ಕಾವೇರಿ ಗಲಾಟೆ, ಕನ್ನಡದವರಿಗೆ ಕೆಲಸ, ಇಂಥದ್ದೆಲ್ಲಾ ಬರೆಸ್ತೀರಂತೆ. ನಾವು ಬಾಡಿಗೆ ಮನೇಲಿರೋರು. ನಾಳೆ ಏನಾದ್ರೂ ಆದ್ರೆ ಯಾರು ಬರ್ತಾರೆ?" ನ್ಯಾಯವಾದ ಪ್ರಶ್ನೆ. ಆವತ್ತು ನಾವು ಕೊಟ್ಟ ಉತ್ತರ ಆ ತಾಯಿಗೂ ಸಮಾಧಾನ ಆಗಲಿಲ್ಲ, ನಮಗೂ ಆಗಲಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಉದ್ದವಾಗಿ ಹೇಳುತ್ತೇವೆ.

2016ನೇ ಇಸವಿ ನೆನಪಿಸಿಕೊಳ್ಳಿ. ಆ ವರ್ಷ ಈ ಹೊಸೂರು ರಸ್ತೆ ಎರಡು ಸಲ ಹೊತ್ತಿ ಉರಿಯಿತು ಅಂದರೆ ತಪ್ಪಿಲ್ಲ. ಮೊದಲನೆಯದು ಏಪ್ರಿಲ್‌ನಲ್ಲಿ. ಆಗ ಇಲ್ಲಿ ಕೂತಿರುವ ಎಷ್ಟೋ ಜನ ಗಾರ್ಮೆಂಟ್ಸ್‌ನಲ್ಲಿ ಇದ್ದಿರಿ. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊಸ ನಿಯಮ ತಂದಿತ್ತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆ ಹೆಣ್ಣುಮಕ್ಕಳು ಮಿಷನ್ ಬಿಟ್ಟು ರಸ್ತೆಗೆ ಬಂದರು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಮಾರನೇ ದಿನ ಅದು ಪೀಣ್ಯ, ಜಾಲಹಳ್ಳಿಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು. ನಮ್ಮ ಹೆಬ್ಬಗೋಡಿ ಪೊಲೀಸ್ ಠಾಣೆ ಹತ್ತಿರ ಗಾಡಿಗಳು ಸುಟ್ಟುಹೋದವು. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಆ ಹೆಣ್ಣುಮಕ್ಕಳಿಗೆ ಕಾರಣ ಇತ್ತು. ಗಟ್ಟಿ ಕಾರಣವೇ ಇತ್ತು. ಮೂವತ್ತೈದು, ನಲವತ್ತಕ್ಕೆ ಕಣ್ಣು, ಸೊಂಟ ಹೋಗಿ ಮನೆಗೆ ಹೋಗುವವಳು 58ರ ತನಕ ಹೇಗೆ ಕಾಯಬೇಕು? ಮಗನ ಫೀಸು, ಮಗಳ ಮದುವೆ, ಊರಲ್ಲಿ ತೆಗೆದ ಕೈಸಾಲ, ಎಲ್ಲಕ್ಕೂ ಅದೊಂದೇ ಗಂಟು. ಒಬ್ಬೊಬ್ಬರ ಬಾಯಲ್ಲೂ ಈ ಮಾತು ಇತ್ತು. ಆದರೆ ಟೀವಿಯಲ್ಲಿ ಹೆಚ್ಚು ಹೊತ್ತು ತೋರಿಸಿದ್ದು ಉರಿಯುವ ಬಸ್ಸನ್ನು. ನಿಮ್ಮ ಲೆಕ್ಕಾಚಾರವನ್ನು ನಿಮ್ಮ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದಿದ್ದನ್ನು ಆಗ ನಾವು ಎಲ್ಲೂ ನೋಡಲಿಲ್ಲ. ಬರೆಸಬೇಕು ಅಂತ ನಮಗೂ ಹೊಳೆಯಲಿಲ್ಲ.

ಎರಡನೆಯದು ಸೆಪ್ಟೆಂಬರ್‌ನಲ್ಲಿ, ಕಾವೇರಿ ಗಲಾಟೆ. ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ 5ನೇ ತಾರೀಕು ಹೇಳಿತು. 12ನೇ ತಾರೀಕು, ಸೋಮವಾರ, ಅದನ್ನು 12,000ಕ್ಕೆ ಇಳಿಸಿ ದಿನ ಹೆಚ್ಚಿಸಿತು. ಆವತ್ತೇ ಬೆಂಗಳೂರಿನಲ್ಲಿ ತಮಿಳುನಾಡು ನಂಬರಿನ ಗಾಡಿಗಳು, ಬಸ್ಸುಗಳು ಸುಟ್ಟವು. ಜೀವವೂ ಹೋಯಿತು. ನಾವು ಸಂಜೆ ತರಗತಿಗೆ ಬೀಗ ಹಾಕಿದೆವು. ಕೆಲವು ದಿನ ಬಿಟ್ಟು ಬಾಗಿಲು ತೆಗೆದಾಗ ನೋಡಿದರೆ, ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳು ಒಂದು ಚಾಪೆ, ಉಳಿದವರು ಇನ್ನೊಂದು ಚಾಪೆ. ಯಾರೂ ಹೇಳಿಕೊಟ್ಟಿರಲಿಲ್ಲ. ತಾವೇ ಹಾಗೆ ಕೂತಿದ್ದರು.

ಆಗ ನಾವು ಏನು ಮಾಡಿದೆವು ಗೊತ್ತಾ? ಭಿನ್ನರಾಶಿ ಲೆಕ್ಕ ಹೇಳಿಕೊಟ್ಟೆವು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ್ದೇವೆ, ಇಷ್ಟು ವರ್ಷ ಕೇರಿ ಕೇರಿ ಸುತ್ತಿದ್ದೇವೆ, ಆದರೂ ಕಣ್ಣೆದುರಿಗೆ ಮಕ್ಕಳು ಎರಡು ಭಾಗವಾಗಿ ಕೂತಾಗ ಬೋರ್ಡ್ ಮೇಲೆ ಮುಕ್ಕಾಲು, ಅರ್ಧ ಅಂತ ಬರೆದೆವು. ಹೆದರಿಕೆ. ನಿಮಗೆ ಇವತ್ತು ಇರುವ ಹೆದರಿಕೆಯೇ ನಮಗೂ ಇತ್ತು. ಆ ಎರಡು ಚಾಪೆ ಮತ್ತೆ ಒಂದಾಗಲು ತಿಂಗಳುಗಟ್ಟಲೆ ಹಿಡಿಯಿತು. ಇಬ್ಬರು ಹುಡುಗಿಯರು ಮತ್ತೆ ಬರಲೇ ಇಲ್ಲ, ಮನೆಯವರು ಹೊಸೂರಿನ ಕಡೆ ಹೋದರು ಅಂತ ಆಮೇಲೆ ಗೊತ್ತಾಯಿತು.

ಶನಿವಾರದ ತರಗತಿ ಶುರುವಾದದ್ದು ಅದಾದ ಮೇಲೆ. ಜಗಳದ ವಿಷಯವನ್ನೇ ತೆಗೆದುಕೊಂಡು, ತನ್ನ ಅಭಿಪ್ರಾಯ ಏನು, ಅದಕ್ಕೆ ಕಾರಣ ಏನು, ಎದುರಿನವರ ಕಾರಣ ಏನು ಅಂತ ಬರೆಯುವುದು. 8, 9, 10ನೇ ತರಗತಿ ಮಕ್ಕಳಿಗೆ ಮಾತ್ರ.

ಶುರುವಿನಲ್ಲಿ ನಾವೂ ತಪ್ಪು ಮಾಡಿದೆವು. ಶಾಲೆಯ ಚರ್ಚಾ ಸ್ಪರ್ಧೆ ನಿಮಗೆ ಗೊತ್ತಲ್ಲ, ಪ್ರತಿಭಾ ಕಾರಂಜಿಗೆ ಮಗು ಹೋಗುತ್ತದೆ, ಟೀಚರ್ ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ ಕೈ ಎತ್ತಿ ಇಳಿಸಿ ಹೇಳುತ್ತದೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ನಾವೂ ಹಾಗೇ ಮಾಡಿಸಿದೆವು. ಪರವಾಗಿ ಐದು ಅಂಶ, ವಿರೋಧವಾಗಿ ಐದು ಅಂಶ, ಕೊನೆಗೆ "ಆದ್ದರಿಂದ ಎಲ್ಲರೂ ಸೌಹಾರ್ದದಿಂದ ಬಾಳಬೇಕು". ಎಲ್ಲರ ನೋಟ್‌ಬುಕ್ಕಿನಲ್ಲೂ ಅದೇ ಕೊನೆಯ ಸಾಲು. ಒಬ್ಬ ಹುಡುಗನನ್ನು ಕೇಳಿದೆವು, ಇದು ನಿಜವಾಗಿಯೂ ನಿನ್ನ ಅಭಿಪ್ರಾಯವಾ? ಅವನು ತಲೆ ಕೆರೆದುಕೊಂಡು, "ಹಾಗೆ ಬರೆದ್ರೆ ನಿಮಗೆ ಇಷ್ಟ ಆಗುತ್ತಲ್ಲ ಸಿಸ್ಟರ್" ಅಂದ. ಅವತ್ತಿನಿಂದ ಆ ಸಾಲನ್ನು ಬರೆಯಬಾರದು ಅಂತ ನಿಯಮ ಮಾಡಿದೆವು!

ಇನ್ನೊಂದು ಮಾತು. ಎಲ್ಲಕ್ಕೂ ಪರ ವಿರೋಧ ಇರುವುದಿಲ್ಲ. ದಲಿತರಿಗೆ ಬೇರೆ ಲೋಟ ಇಡುವುದು ಸರಿಯೋ ತಪ್ಪೋ ಅಂತ ನಾವು ಬರೆಸುವುದಿಲ್ಲ. ಹದಿನಾರಕ್ಕೆ ಹುಡುಗಿಗೆ ಮದುವೆ ಮಾಡಬಹುದೋ ಇಲ್ಲವೋ ಅಂತಲೂ ಇಲ್ಲ. ಅಲ್ಲಿ ಬರೆಯಬೇಕಾದ್ದು ಬೇರೆ: ತಪ್ಪು ಅಂತ ಗೊತ್ತಿದ್ದರೂ ಯಾಕೆ ನಡೆಯುತ್ತಿದೆ, ನಿಲ್ಲಿಸೋದು ಹೇಗೆ.

ಈಗ ನಾವು ಮಾಡಿಸುವ ರೀತಿ ಸರಳ. ಮಗು ಮೊದಲು ಮನಸ್ಸಿಗೆ ಬಂದದ್ದನ್ನು ಬರೆಯುತ್ತದೆ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಗುರುತು ಹಾಕಬೇಕು. ತಾನೇ ಕಂಡದ್ದಾದರೆ "ಕಣ್ಣು". ಬೇರೆಯವರಿಂದ ಕೇಳಿದ್ದು, ಓದಿದ್ದು ಆದರೆ "ಕಿವಿ", ಯಾರಿಂದ ಅಂತಲೂ ಬರೆಯಬೇಕು. ಸಿಟ್ಟು, ಸಂಕಟದಿಂದ ಬಂದದ್ದಾದರೆ "ಹೊಟ್ಟೆ". ಹೊಟ್ಟೆಯ ಮಾತು ಬೇಡ ಅಂತ ನಾವು ಹೇಳುವುದಿಲ್ಲ, ಹೊಟ್ಟೆ ಉರಿಯದೆ ಯಾರೂ ನ್ಯಾಯ ಕೇಳುವುದಿಲ್ಲ. ಆದರೆ ಅದು ಹೊಟ್ಟೆಯದ್ದು ಅಂತ ಗೊತ್ತಿರಬೇಕು. ಮೊದಲ ಸಲ ಗುರುತು ಹಾಕಿದಾಗ ಪುಟ ತುಂಬಾ ಹೊಟ್ಟೆ, ನಡುವೆ ನಡುವೆ ಕಿವಿ, ಕಣ್ಣು ಒಂದೂ ಇಲ್ಲ. ಕಿವಿ ಅಂತ ಹಾಕಿದ ಸಾಲುಗಳನ್ನು ವಿಚಾರಿಸಿದರೆ ಅರ್ಧಕ್ಕರ್ಧ ಅಪ್ಪನ ಫೋನಿಗೆ ಬಂದ ವಾಟ್ಸಾಪ್.

ಆಮೇಲೆ ಎದುರಿನವರ ಪಕ್ಷ. ಇದೇ ಕಷ್ಟದ ಭಾಗ. ಕಾವೇರಿ ಬಗ್ಗೆ ಬರೆಸಿದಾಗ ಮಂಡ್ಯ ಕಡೆಯ ಒಬ್ಬ ಹುಡುಗನಿಗೆ ತಂಜಾವೂರಿನ ರೈತನ ಪರವಾಗಿ ಬರೆಯಲು ಹೇಳಿದೆವು. ಅವನು ಬರೆದದ್ದನ್ನು ತಮಿಳು ಮನೆಯ ಹುಡುಗಿಗೆ ಓದಿ ಹೇಳಬೇಕು. "ಹೌದು, ನಾವು ಹೇಳೋದು ಇದೇ" ಅಂತ ಅವಳು ಒಪ್ಪುವ ತನಕ ಅವನು ಉತ್ತರ ಬರೆಯುವ ಹಾಗಿಲ್ಲ. ಮೊದಲ ಸಲ ಅವನು ಬರೆದದ್ದು "ನಮಗೆ ನೀರಿನ ದುರಾಸೆ ಇದೆ" ಅಂತ. ಎಲ್ಲರೂ ನಕ್ಕರು. ಮೂರನೇ ಸಲ ಬರೆದ: ಸಾಂಬಾ ಭತ್ತದ ಕಾಲ, ಈಗ ನೀರು ಬರದಿದ್ದರೆ ಇಡೀ ಬೆಳೆ ಹೋಗುತ್ತೆ, ಸಾಲ ಮಾಡಿ ತಂದ ಬಿತ್ತನೆ ಹೋಗುತ್ತೆ. ಆ ಹುಡುಗಿ ತಲೆಯಾಡಿಸಿ, "ನಮ್ಮ ತಾತ ಹೀಗೇ ಹೇಳೋದು" ಅಂದಳು. ಆ ಹುಡುಗ ಆಮೇಲೂ ಕರ್ನಾಟಕದ ಪರವೇ ಬರೆದ. ಆದರೆ ಕೆ.ಆರ್.ಎಸ್. ತುಂಬದ ವರ್ಷ ಕಷ್ಟವನ್ನು ಇಬ್ಬರೂ ಹಂಚಿಕೊಳ್ಳುವ ಲೆಕ್ಕ ಬೇಕು ಅಂತ ಬರೆದ. ಆ ಲೆಕ್ಕವನ್ನೇ ಅಲ್ಲವೇ ಕೋರ್ಟುಗಳು ಇಷ್ಟು ವರ್ಷ ಹುಡುಕುತ್ತಿರುವುದು? 2007ರಲ್ಲಿ ನ್ಯಾಯಮಂಡಳಿ ನಮಗೆ 270 ಟಿ.ಎಂ.ಸಿ., ತಮಿಳುನಾಡಿಗೆ 419 ಅಂದಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮ್ಮದನ್ನು 284.75ಕ್ಕೆ ಏರಿಸಿ ಅವರದ್ದನ್ನು 404.25ಕ್ಕೆ ಇಳಿಸಿತು. ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಮಕ್ಕಳು ಇದನ್ನು ಕೂಡಿ ಕಳೆದು ನೋಡಿದರು. ಲೆಕ್ಕ ಹೇಳಿಕೊಡುವುದಿಲ್ಲ ಅಂದ ತಾಯಂದಿರು ಗಮನಿಸಬೇಕು.

ಈಗ ದೂರಿನ ಮೂಲಕ್ಕೆ ಬರುತ್ತೇವೆ. 2024ರ ಜುಲೈ 15ರಂದು ರಾಜ್ಯದ ಮಂತ್ರಿಮಂಡಲ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿ, ಕಾರ್ಖಾನೆಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಸ್ಥಳೀಯರು ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬರುವವರು. ಐ.ಟಿ. ಕಂಪನಿಗಳ ಕಡೆಯಿಂದ ದೊಡ್ಡ ವಿರೋಧ ಬಂತು. ಎರಡೇ ದಿನದಲ್ಲಿ, 17ಕ್ಕೆ, ಸರ್ಕಾರ ಅದನ್ನು ತಡೆಹಿಡಿಯಿತು. ಆ ವಾರ ಇಲ್ಲಿ ಟೀ ಅಂಗಡಿಯಿಂದ ನಲ್ಲಿಕಟ್ಟೆ ತನಕ ಅದೇ ಮಾತು. ಮಕ್ಕಳೇ ಬಂದು, ಈ ಶನಿವಾರ ಅದನ್ನೇ ಬರೆಯೋಣ ಸಿಸ್ಟರ್ ಅಂದರು.

ಒಬ್ಬ ಹುಡುಗಿ, ಹತ್ತನೇ ತರಗತಿ. ಅಪ್ಪ ಅಮ್ಮ ರಾಯಚೂರು ಕಡೆಯವರು, ಬಂದು ಇಪ್ಪತ್ತು ವರ್ಷ ಆಗುತ್ತಾ ಬಂತು. ಅಪ್ಪ ಒಂದು ಕಂಪನಿಯಲ್ಲಿ ಕಂಟ್ರಾಕ್ಟ್ ಮೇಲೆ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದರು. ಕಂಟ್ರಾಕ್ಟರ್ ಬದಲಾದಾಗ ಹಳಬರನ್ನು ತೆಗೆದು, ಹೊರ ರಾಜ್ಯದಿಂದ ಹುಡುಗರನ್ನು ಕರೆತಂದು ಕಡಿಮೆ ಸಂಬಳಕ್ಕೆ ಇಟ್ಟುಕೊಂಡರಂತೆ. ಏಳು ತಿಂಗಳು ಮನೆಯಲ್ಲಿ ಕೂತರು. ಆ ಏಳು ತಿಂಗಳ ಬಾಡಿಗೆ ಹೇಗೆ ಕಟ್ಟಿದಿರಿ ಅಂತ ಕೇಳಿದರೆ ಉತ್ತರ ನಿಮ್ಮ ಸಂಘದ ಸಾಲದ ಪುಸ್ತಕದಲ್ಲೇ ಇದೆ. ಆ ಹುಡುಗಿ ಬರೆದದ್ದು ಮಸೂದೆಯ ಪರವಾಗಿ. ಬೆಂಕಿಯ ಹಾಗೆ ಬರೆದಿದ್ದಳು. ಆದರೆ ಶೇಕಡಾ 100 ಕೆಲಸ ನಮಗೇ ಅಂತ ಬರೆದಿದ್ದಳು. ಪಕ್ಕದವನ ಪುಸ್ತಕದಲ್ಲಿ 75, ಇನ್ನೊಬ್ಬನದ್ದರಲ್ಲಿ 70. ಮೂರೂ ಕಿವಿ. ಹಳೇ ಪೇಪರ್ ಹುಡುಕಿ ಓದಿಸಿದೆವು. ಹರಿಯಾಣದಲ್ಲಿ ಇಂಥದ್ದೇ ಶೇಕಡಾ 75ರ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದ್ದೂ ಸಿಕ್ಕಿತು. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು ಸಂವಿಧಾನದಲ್ಲಿದೆ ಅಂತ ಓದಿದಾಗ ಆ ಹುಡುಗಿ, "ಹಾಗಾದ್ರೆ ನಮ್ಮಪ್ಪನ ಹಕ್ಕು ಯಾವ ಪುಟದಲ್ಲಿದೆ ಸಿಸ್ಟರ್?" ಅಂತ ಕೇಳಿದಳು. ಬಾಯಿ ಕಟ್ಟಿಹೋಯಿತು ನಮಗೆ.

ಎದುರಿನ ಪಕ್ಷ ಬರೆಯಲು ಅವಳು ದೂರ ಹೋಗಬೇಕಾಗಿರಲಿಲ್ಲ. ಅದೇ ವಠಾರದಲ್ಲಿ, ಗೋಡೆಯ ಆ ಕಡೆ, ಒಡಿಶಾದಿಂದ ಬಂದ ಒಂದು ಸಂಸಾರ. ಹನ್ನೊಂದು ವರ್ಷದಿಂದ ಇದ್ದಾರೆ. ಆ ಹೆಂಗಸು ಮನೆಗೆಲಸಕ್ಕೆ ಹೋಗುತ್ತಾರೆ. ಹುಡುಗಿ ಹೋಗಿ ಕೇಳಿದಳು, ಈ ಕಾನೂನು ಬಂದರೆ ನಿಮಗೇನಾಗುತ್ತೆ ಆಂಟಿ? ಆ ಹೆಂಗಸು ತನ್ನ ಬಗ್ಗೆ ಏನೂ ಹೇಳಲಿಲ್ಲವಂತೆ. ಒಳಗಿನಿಂದ ಮಗನ ಕನ್ನಡ ಪುಸ್ತಕ ತಂದು ತೋರಿಸಿದರಂತೆ. ಆ ಹುಡುಗ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ. ಆದರೆ ಹುಟ್ಟಿದ್ದು ಅಜ್ಜಿಯ ಊರಿನಲ್ಲಿ, ಒಡಿಶಾದಲ್ಲಿ. "ಇವನು ಲೋಕಲ್ಲಾ ಅಲ್ವಾ, ನೀನೇ ಹೇಳು" ಅಂದರಂತೆ.

ಹುಡುಗಿ ಎರಡು ವಾರ ಏನೂ ಬರೆಯಲಿಲ್ಲ. ಮೂರನೇ ವಾರ ನಾಲ್ಕು ಪುಟ ಬರೆದು ತಂದಳು. ಮೊದಲ ಪುಟ ಪೂರ್ತಿ ಅಪ್ಪನ ಕೆಲಸ ಹೋದ ಕತೆ, ತಾರೀಕು, ಸಂಬಳ ಸಮೇತ, ಎಲ್ಲದಕ್ಕೂ "ಕಣ್ಣು". ಎರಡನೇ ಪುಟ ಒಡಿಶಾದ ಆಂಟಿಯ ಮಾತು. ಆಮೇಲೆ ತನ್ನ ತೀರ್ಮಾನ. ಸ್ಥಳೀಯರಿಗೆ ಕೆಲಸದಲ್ಲಿ ಪಾಲು ಬೇಕು, ಅದನ್ನು ಅವಳು ಬಿಡಲಿಲ್ಲ. ಆದರೆ ಎಲ್ಲಿ ಹುಟ್ಟಿದರು ಅಂತ ನೋಡಬಾರದು, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತವರನ್ನೆಲ್ಲಾ ಸ್ಥಳೀಯರು ಅಂತ ಎಣಿಸಬೇಕು ಅಂತ ಬರೆದಳು. ಇನ್ನೊಂದು ಮಾತು ಬರೆದಿದ್ದಳು, ಅದನ್ನು ನಾವು ಯಾರೂ ಹೇಳಿಕೊಟ್ಟದ್ದಲ್ಲ: ನಮ್ಮಪ್ಪನ ಕೆಲಸ ತೆಗೆದದ್ದು ಒಡಿಶಾದ ಹುಡುಗ ಅಲ್ಲ, ಕಡಿಮೆ ಕೂಲಿಗೆ ಜನ ಹುಡುಕಿದ ಕಂಟ್ರಾಕ್ಟರ್. ಇಬ್ಬರಿಗೂ ಒಂದೇ ಕೂಲಿ ಅಂತ ಕಾನೂನು ಗಟ್ಟಿಯಾಗಿ ನಡೆದರೆ ಅವನು ಅಷ್ಟು ದೂರದಿಂದ ಯಾಕೆ ಕರೆತರುತ್ತಾನೆ?

ಆ ನೋಟ್‌ಬುಕ್ಕು ಅಪ್ಪನ ಕೈಗೆ ಸಿಕ್ಕಿತು. ಎರಡನೇ ಪುಟವನ್ನೇ ಮೊದಲು ಓದಿರಬೇಕು. "ನನ್ನ ಅನ್ನ ಹೋಗಿದೆ, ನನ್ನ ಮಗಳು ಅವರ ಪರ ಬರೀತಾಳೆ" ಅಂತ ಮನೆಯಲ್ಲಿ ರಂಪ. ತಾಯಿ ಅಳುತ್ತಾ ನೋಟ್‌ಬುಕ್ ಹಿಡಿದು ಬಂದರು. ಶುರುವಿನಲ್ಲಿ ಹೇಳಿದೆವಲ್ಲ, ಆ ತಾಯಿ ಇವರೇ. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ.

ಭಾನುವಾರ ಸಂಜೆ ಅವರ ಮನೆಗೆ ಹೋದೆವು. ಬುದ್ಧಿ ಹೇಳಲು ಹೋಗಲಿಲ್ಲ. ಏಳು ತಿಂಗಳು ಕೆಲಸ ಇಲ್ಲದೆ ಕೂತ ಮನುಷ್ಯನಿಗೆ ಹೇಳಲು ನಮ್ಮ ಹತ್ತಿರ ಯಾವ ಬುದ್ಧಿಯೂ ಇರಲಿಲ್ಲ. ಮಗಳಿಗೆ ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಹೇಳಿದೆವು. ಅವಳು ಓದಿದಳು. ಅಪ್ಪ ಗೋಡೆ ನೋಡಿಕೊಂಡು ಕೂತಿದ್ದರು. ಸಂಬಳ ಒಂಬತ್ತು ಸಾವಿರ ಅಂತ ಬಂದಾಗ ಮಾತ್ರ, "ಒಂಬತ್ತು ಸಾವಿರದ ನಾನೂರು" ಅಂತ ತಿದ್ದಿದರು. ಅವಳು ಅಲ್ಲೇ ಕೂತು ತಿದ್ದಿದಳು. ಪೂರ್ತಿ ಓದಿ ಮುಗಿದ ಮೇಲೆ ಅವರು, "ಕಂಟ್ರಾಕ್ಟರ್ ವಿಷಯ ಸರಿಯಾಗಿ ಬರ್ದಿದ್ದೀಯ. ಉಳಿದದ್ದು ನಾನು ಒಪ್ಪಲ್ಲ" ಅಂದರು. "ಒಪ್ಪಬೇಡಿ ಅಪ್ಪಾಜಿ, ಯಾಕೆ ಅಂತ ಹೇಳಿ, ಬರ್ಕೋತೀನಿ" ಅಂದಳು ಮಗಳು. ಅವರು ಇವತ್ತಿಗೂ ಒಪ್ಪಿಲ್ಲ. ಆದರೆ ಮಗಳನ್ನು ಶನಿವಾರ ಕಳಿಸುವುದನ್ನು ನಿಲ್ಲಿಸಿಲ್ಲ.

ನಮ್ಮ ಸಂಘಗಳಲ್ಲೂ ಇದೇ ಕತೆ ಅಲ್ಲವೇ? ವಾರದ ಸಭೆಯಲ್ಲಿ ಇಬ್ಬರು ಸಾಲ ಕೇಳುತ್ತೀರಿ, ಹಣ ಒಬ್ಬರಿಗೆ ಮಾತ್ರ ಇದೆ. ಒಬ್ಬಳಿಗೆ ಮಗಳ ಆಪರೇಷನ್, ಇನ್ನೊಬ್ಬಳಿಗೆ ಗಂಡನ ಆಟೋ. ಒಂದು ಗಂಟೆ ವಾದ ಮಾಡುತ್ತೀರಿ. ಎಂಥ ವಾದ! ಯಾರ ಹಳೇ ಕಂತು ಬಾಕಿ, ಯಾರ ಅವಸರ ನಿಜವಾದದ್ದು, ಯಾರಿಗೆ ಬೇರೆ ದಾರಿ ಇದೆ, ಎಲ್ಲಾ ತೂಗುತ್ತೀರಿ. ಕೊನೆಗೆ ನಡಾವಳಿ ಪುಸ್ತಕ ತೆಗೆದರೆ ಅದರಲ್ಲಿ ಏನಿದೆ? "ಚರ್ಚಿಸಿ ತೀರ್ಮಾನಿಸಲಾಯಿತು." ಅಷ್ಟೇ. ಆರು ತಿಂಗಳ ಮೇಲೆ ಸಾಲ ಸಿಗದವಳು, ನನಗೆ ಬೇಕು ಅಂತಲೇ ಕೊಡಲಿಲ್ಲ ಅಂತ ಜಗಳ ತೆಗೆದಾಗ ಕಾರಣ ಯಾರಿಗೂ ನೆನಪಿಲ್ಲ. ಒಂದು ಸಂಘ ಹೀಗೇ ಒಡೆದದ್ದು ನಿಮಗೆಲ್ಲಾ ಗೊತ್ತು, ಹೆಸರು ಬೇಡ. ಎರಡು ಸಾಲು ಕಾರಣ ಬರೆದಿಡಿ ಅಂತ ನಾವು ಆಡಿಟ್‌ಗೆ ಬಂದಾಗೆಲ್ಲಾ ಹೇಳುತ್ತೇವೆ. ನಿಮ್ಮ ಮಕ್ಕಳು ಈಗ ಅದನ್ನು ಬರೆಯಬಲ್ಲರು. ಕರೆದು ಕೂರಿಸಿಕೊಳ್ಳಿ.

ಇನ್ನು ಹೆದರಿಕೆಯ ವಿಷಯ. ಹೆದರಿಕೆ ಸುಳ್ಳು ಅಂತ ನಾವು ಹೇಳುವುದಿಲ್ಲ. ಅದಕ್ಕೇ ಕೆಲವು ಕಟ್ಟುನಿಟ್ಟು ಮಾಡಿದ್ದೇವೆ. ನೋಟ್‌ಬುಕ್ ತರಗತಿಯ ಕಪಾಟಿನಲ್ಲೇ ಇರುತ್ತದೆ, ಮನೆಗೆ ಬೇಕಾದರೆ ತಾಯಿ ಬಂದು ಕೇಳಬೇಕು. ಬರೆದದ್ದನ್ನು ಯಾರೂ ಫೋಟೋ ತೆಗೆದು ಸ್ಟೇಟಸ್ ಹಾಕುವ ಹಾಗಿಲ್ಲ. ಕಾಗದದ ಮೇಲೆ ಬರೆದದ್ದನ್ನು ಅಳಿಸಬಹುದು, ಫೋನಿನಲ್ಲಿ ಹೋದದ್ದು ಹೋಯಿತು. ಯಾವ ಪಕ್ಷದ ಪರವೂ, ಯಾವ ಧರ್ಮದ ಪರವೂ ನಾವು ತೀರ್ಪು ಹೇಳುವುದಿಲ್ಲ, ಅಂಕಿ ಅಂಶ ತಪ್ಪಿದ್ದರೆ ಮಾತ್ರ ತಿದ್ದುತ್ತೇವೆ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೇ ಇದೆ, 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿಕೊಂಡಿದೆ. ಆದರೂ ನಿಮಗೆ ಬೇಡ ಅನಿಸಿದರೆ ನಿಮ್ಮ ಮಗುವನ್ನು ಶನಿವಾರ ಬಿಟ್ಟು ಉಳಿದ ದಿನ ಕಳಿಸಿ. ನಮಗೆ ಬೇಸರವಿಲ್ಲ.

ಪರೀಕ್ಷೆಗೆ ಇದರಿಂದ ಉಪಯೋಗ ಇದೆಯಾ ಅಂತ ಕೇಳುವವರಿಗೆ: ಎಸ್.ಎಸ್.ಎಲ್.ಸಿ. ಕನ್ನಡದಲ್ಲಿ ಪ್ರಬಂಧ ಇದೆ, ಪತ್ರ ಇದೆ. ಸ್ವಂತ ವಾಕ್ಯ ಬರೆಯುವ ಮಗು ಅಲ್ಲಿ ಕೈಕಟ್ಟಿ ಕೂರುವುದಿಲ್ಲ.

ಓದು ಬರದ ತಾಯಂದಿರು, ನಮಗೇನು ತಿಳಿಯುತ್ತೆ ಅಂತ ಹಿಂದೆ ಸರಿಯಬೇಡಿ. ಮಗು ಗಟ್ಟಿಯಾಗಿ ಓದಲಿ. ನೀವು ಕೇಳಿ: ಇದು ಕಣ್ಣಾ, ಕಿವಿಯಾ, ಹೊಟ್ಟೆಯಾ? ಎದುರಿನವರು ಇದನ್ನ ಕೇಳಿದ್ರೆ ಏನಂತಾರೆ? ಇಷ್ಟು ಕೇಳಲು ಅಕ್ಷರ ಬೇಕಾಗಿಲ್ಲ. ಗಾರ್ಮೆಂಟ್ಸ್‌ನಲ್ಲಿದ್ದವರು ಪಿ.ಎಫ್. ವಿಷಯ ನಿಮ್ಮ ಮಕ್ಕಳಿಗೆ ಒಂದು ಸಲ ಕೂರಿಸಿಕೊಂಡು ಹೇಳಿ. ಆ ಏಪ್ರಿಲ್ ತಿಂಗಳ ಬಗ್ಗೆ ಬರೆಯಬೇಕು ಅಂತ ಮಕ್ಕಳು ಕೇಳುತ್ತಿದ್ದಾರೆ. ಪೇಪರಿನಲ್ಲಿ ಹುಡುಕಿದರೆ ಬಸ್ಸಿನ ಫೋಟೋ ಸಿಗುತ್ತಿದೆ, ನಿಮ್ಮ ಮಾತು ಸಿಗುತ್ತಿಲ್ಲ.

ಕೊನೆಗೆ ಒಂದು ಕೋರಿಕೆ. ನೀವು ಕೆಲಸ ಮಾಡುವ ಮನೆಗಳಲ್ಲಿ ಹಳೇ ಕನ್ನಡ ಪೇಪರ್ ಇದ್ದರೆ ಕೇಳಿ ತನ್ನಿ, ಗುಜರಿಯವನಿಗೆ ಹಾಕುವ ಮುಂಚೆ ನಮಗೆ ಕೊಡಿ. ಮುಂದಿನ ಶನಿವಾರದ ವಿಷಯ ಟ್ಯಾಂಕರ್ ನೀರಿನ ರೇಟು. ಟ್ಯಾಂಕರ್ ಮಾಲೀಕರೊಬ್ಬರನ್ನು ಮಾತಾಡಲು ಕರೆದಿದ್ದೇವೆ, ಬರುತ್ತೇನೆ ಅಂದಿದ್ದಾರೆ. ಬೋರ್‌ವೆಲ್ ಬತ್ತಿದ ಬೀದಿಯ ಅಕ್ಕಂದಿರು ಇಬ್ಬರಾದರೂ ಬಂದರೆ ಒಳ್ಳೆಯದು. ಸಂಜೆ 5 ಗಂಟೆ.